ಹಳೇ ಗಾಡಿಯ ರಬ್ಬರು: ಓದುಗರು ಕೇಳಿದ್ದು, ನಾವು ಹೇಳುವುದು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಹಳೇ ಗಾಡಿಗಳ ರಬ್ಬರ್ ಭಾಗಗಳ ಬಗ್ಗೆ ಬಂದ ಪತ್ರಗಳಲ್ಲಿ ಎಂಟನ್ನು ಈ ಸಲ ಎತ್ತಿಕೊಂಡಿದ್ದೇವೆ. ಉತ್ತರಕ್ಕೆ ಮೊದಲು ಒಂದು ಮಾತು. ಗ್ಯಾರೇಜಿನಲ್ಲಿ ‘ರಬ್ಬರು’ ಎಂದು ಒಂದೇ ಹೆಸರಿನಿಂದ ಕರೆದರೂ ಅದು ಒಂದೇ ವಸ್ತುವಲ್ಲ. ಬ್ರೇಕ್ ಸಿಲಿಂಡರಿನೊಳಗಿನ ‘ಕಪ್ಪು’ (ಬಟ್ಟಲಿನಾಕಾರದ ರಬ್ಬರ್ ಸೀಲು) ಬೇರೆ ಜಾತಿ, ಇಂಜಿನ್ನಿನ ಆಯಿಲ್ ಸೀಲು ಬೇರೆ ಜಾತಿ, ಬಾಗಿಲ ಬೀಡಿಂಗು (ಅಂಚಿನ ರಬ್ಬರ್ ಪಟ್ಟಿ) ಮತ್ತೊಂದು. ಆಯಿಲ್ ಸೀಲಿನ ನೈಟ್ರೈಲ್ ರಬ್ಬರು ಇಂಜಿನ್ ಆಯಿಲಿನಲ್ಲಿ ವರ್ಷಗಟ್ಟಲೆ ಮುಳುಗಿದ್ದರೂ ಅಲ್ಲಾಡುವುದಿಲ್ಲ. ಅದೇ ಆಯಿಲು ಬ್ರೇಕಿನ ಇಪಿಡಿಎಂ ರಬ್ಬರಿಗೆ ಸೋಕಿದರೆ ನೆನೆಸಿದ ಕಡಲೆಯ ಹಾಗೆ ಊದಿಕೊಳ್ಳುತ್ತದೆ. ಈ ಪತ್ರಗಳನ್ನು ಓದಿದರೆ, ವಯಸ್ಸಾಗಿ ಹೋದ ರಬ್ಬರಿಗಿಂತ ಸಲ್ಲದ ಎಣ್ಣೆ ಸೋಕಿ, ಇಲ್ಲವೇ ತಪ್ಪಾಗಿ ಕೂರಿಸಿದ್ದರಿಂದ ಹೋದದ್ದೇ ಹೆಚ್ಚು.

ಪ್ರಶ್ನೆ: ನನ್ನದು 1997ರ ಮಾರುತಿ 800. ಹಿಂದಿನ ಎರಡೂ ವೀಲ್ ಸಿಲಿಂಡರಿಗೆ (ಚಕ್ರದ ಬ್ರೇಕನ್ನು ಒತ್ತುವ ಸಿಲಿಂಡರು) ಕಿಟ್, ಅಂದರೆ ಹೊಸ ರಬ್ಬರುಗಳ ಸೆಟ್, ಹಾಕಿಸಿ ಮೂರು ತಿಂಗಳಾಗಿಲ್ಲ, ಮತ್ತೆ ಸೋರುತ್ತಿದೆ. ಪೆಡಲ್ ಒತ್ತಿ ಹಿಡಿದರೆ ನಿಧಾನಕ್ಕೆ ಕೆಳಗಿಳಿಯುತ್ತದೆ. ಮೊನ್ನೆ ನಂದಿ ಬೆಟ್ಟ ಇಳಿಯುವಾಗ ಬ್ರೇಕು ಮೆತ್ತಗಾಗಿ ಭಯವಾಯಿತು. ಮುಂದಿನ ಎಡಗಡೆ ಚಕ್ರ ಬೇರೆ ಬಿಸಿಯಾಗುತ್ತದೆ. ಹಾಕಿದ ಕಿಟ್ಟೇ ಡ್ಯೂಪ್ಲಿಕೇಟ್ ಇರಬಹುದೇ?
(ಚಿಕ್ಕಬಳ್ಳಾಪುರದ ಓದುಗರು)

ಉತ್ತರ: ದಯವಿಟ್ಟು ಇದು ಸರಿಯಾಗುವ ತನಕ ಈ ಕಾರನ್ನು ಬೆಟ್ಟದ ಕಡೆ ಇರಲಿ, ಊರೊಳಗೂ ಓಡಿಸಬೇಡಿ. ಕಿಟ್ ಡ್ಯೂಪ್ಲಿಕೇಟ್ ಇದ್ದರೂ ಇರಬಹುದು. ಆದರೆ ಒಳ್ಳೇ ಕಿಟ್ಟೂ ಮೂರು ತಿಂಗಳಲ್ಲಿ ಹಾಳಾಗುವ ದಾರಿಗಳಿವೆ, ಮೊದಲು ಅವನ್ನು ನೋಡೋಣ.

ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಬಿಚ್ಚಿ. ಮುಚ್ಚಳದೊಳಗೆ ರಬ್ಬರ್ ತುಂಡು ಇದ್ದರೆ ಅದನ್ನು ಕೈಯಲ್ಲಿ ಹಿಡಿದು ನೋಡಿ. ಅದು ಮಟ್ಟಸವಾಗಿದ್ದು ತನ್ನ ಜಾಗಕ್ಕೆ ಸರಿಯಾಗಿ ಕೂತರೆ ಸರಿ. ಅಂಚು ಹಪ್ಪಳದ ಹಾಗೆ ಅಲೆ ಅಲೆಯಾಗಿ, ಜಾಗಕ್ಕಿಂತ ದೊಡ್ಡದಾಗಿ, ಮೆತ್ತಗೆ ಜಿಗುಟಾಗಿದ್ದರೆ ಒಳಗೆ ಯಾರೋ ಇಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ಅಥವಾ ಡೀಸೆಲ್ ಸೇರಿಸಿದ್ದಾರೆ ಎಂದು ತಿಳಿಯಿರಿ. ಅನುಮಾನ ತೀರಿಸಿಕೊಳ್ಳಲು ಡಬ್ಬಿಯಿಂದ ಒಂದು ಚಮಚ ಆಯಿಲ್ ತೆಗೆದು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ನೀರಿನಲ್ಲಿ ಪೂರ್ತಿ ಬೆರೆತುಹೋಗುತ್ತದೆ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ನಿಂತ ಹಾಗೆ ಮೇಲೆ ತೇಲಿದರೆ ಅದು ಖನಿಜ ಎಣ್ಣೆ. ಹಾಗೇನಾದರೂ ತೇಲಿದರೆ ಕಿಟ್ ಒಂದರಲ್ಲಿ ಮುಗಿಯುವುದಿಲ್ಲ: ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಸಿಲಿಂಡರು) ಕಪ್ಪುಗಳು, ಮುಂದಿನ ಕ್ಯಾಲಿಪರ್ (ಡಿಸ್ಕನ್ನು ಅಮುಕಿ ಹಿಡಿಯುವ ಭಾಗ) ಸೀಲುಗಳು, ಹಿಂದಿನ ಕಪ್ಪುಗಳು, ರಬ್ಬರ್ ಹೋಸುಗಳು, ಮುಚ್ಚಳದ ರಬ್ಬರು, ಎಲ್ಲವೂ ಬದಲಾಗಬೇಕು. ಕಬ್ಬಿಣದ ಪೈಪುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಗಾಳಿ ಹೊಡೆದು ಒಣಗಿಸಬೇಕು. ಒಂದನ್ನು ಬಿಟ್ಟರೂ ಆ ಒಂದರಲ್ಲಿ ಉಳಿದ ಎಣ್ಣೆ ಹೊಸದನ್ನೆಲ್ಲ ಕೆಡಿಸುತ್ತದೆ.

ನೀರಿನಲ್ಲಿ ಬೆರೆತರೆ, ಕಿಟ್ ಹಾಕುವಾಗ ಸಿಲಿಂಡರನ್ನು ಯಾವುದರಿಂದ ತೊಳೆದರು ಎಂದು ಕೇಳಿ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಎಂದರೆ ಅಲ್ಲೇ ಉತ್ತರ ಸಿಕ್ಕಿತು. ಬ್ರೇಕ್ ಭಾಗವನ್ನು ತೊಳೆಯುವುದು ಹೊಸ ಬ್ರೇಕ್ ಆಯಿಲಿನಿಂದ ಅಥವಾ ಆಲ್ಕೊಹಾಲಿನಿಂದ ಮಾತ್ರ. ತೊಳೆದ ಮೇಲೆ ಸಿಲಿಂಡರಿನ ಒಳಗೋಡೆಯನ್ನು ಬೆಳಕಿಗೆ ಹಿಡಿದು, ಬೆರಳಿನ ಉಗುರನ್ನು ಉದ್ದಕ್ಕೆ ಎಳೆಯಿರಿ. ಬರೀ ಬಣ್ಣ ಬದಲಾದ ಕಲೆಯಾದರೆ ಉಗುರು ಜಾರಿಕೊಂಡು ಹೋಗುತ್ತದೆ, ತುಕ್ಕು ಕೊರೆದ ಗುಳಿಯಾದರೆ ಸಿಕ್ಕಿಕೊಳ್ಳುತ್ತದೆ. ಉಗುರು ಸಿಕ್ಕಿಕೊಂಡ ಸಿಲಿಂಡರಿಗೆ ಎಷ್ಟು ಸಲ ಕಿಟ್ ಹಾಕಿದರೂ ಕಪ್ಪಿನ ಅಂಚು ಆ ಗುಳಿಯ ಮೇಲೆ ಉಜ್ಜಿ ಹರಿಯುವುದೇ. ಎಮೆರಿಯಲ್ಲಿ ಗುಳಿ ಹೋಗುವ ತನಕ ಉಜ್ಜಿದರೆ ತೂತು ಅಗಲವಾಗಿ ಕಪ್ಪು ಸಡಿಲವಾಗುತ್ತದೆ. ಸಿಲಿಂಡರನ್ನೇ ಹೊಸದು ಹಾಕಿ, ಎರಡೂ ಕಡೆ ಒಟ್ಟಿಗೆ ಹಾಕಿ.

ಕಪ್ಪು ಹಾಕುವಾಗ ಹೊಸ ಬ್ರೇಕ್ ಆಯಿಲಿನಲ್ಲಿ ಅದ್ದಿ, ಕೈಬೆರಳಿನಿಂದಲೇ ಕೂರಿಸಬೇಕು. ಸ್ಕ್ರೂಡ್ರೈವರ್ ತಾಕಿಸಕೂಡದು. ಕಪ್ಪಿನ ಅಗಲವಾದ ತುಟಿ ಆಯಿಲ್ ಒತ್ತಡ ಬರುವ ಕಡೆಗೆ, ಅಂದರೆ ಸಿಲಿಂಡರಿನ ನಡುವಿನ ಕಡೆಗೆ ಮುಖ ಮಾಡಿರಬೇಕು. ಗ್ರೀಸ್ ಹಚ್ಚಲೇಬೇಕಾದ ಕಡೆ, ಅಂದರೆ ಹೊರಗಿನ ಧೂಳು ತಡೆಯುವ ಟೋಪಿಯ ಅಂಚಿಗೆ, ಬ್ರೇಕಿಗೆಂದೇ ಸಿಗುವ ಕೆಂಪು ರಬ್ಬರ್ ಗ್ರೀಸನ್ನು ತೆಳ್ಳಗೆ ಹಚ್ಚಿ. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸು ಬೇಡವೇ ಬೇಡ.

ಇನ್ನು ಪೆಡಲ್ ಇಳಿಯುವ ವಿಷಯ. ಹೊರಗಿನ ಸೋರಿಕೆ ಪೂರ್ತಿ ನಿಂತ ಮೇಲೂ ಒತ್ತಿ ಹಿಡಿದ ಪೆಡಲ್ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಕಪ್ಪು ಒಳಗೊಳಗೇ ಬಿಡುತ್ತಿದೆ. ಹಿಂದೆ ಕಿಟ್ ಹಾಕಿದ ಮೇಲೆ ಮುಂದೆ ಮಾಸ್ಟರ್ ಕೆಡುವುದು ತುಂಬಾ ಗಾಡಿಗಳಲ್ಲಿ ಆಗುತ್ತದೆ, ಅದಕ್ಕೆ ಕಾರಣವೂ ಇದೆ. ದಿನನಿತ್ಯ ಓಡಿಸುವಾಗ ಪೆಡಲ್ ಅರ್ಧದಷ್ಟೇ ಇಳಿಯುತ್ತದೆ, ಕಪ್ಪು ಅಷ್ಟೇ ದೂರ ಹೋಗಿ ಬರುತ್ತದೆ. ಅದಕ್ಕೂ ಮುಂದಿನ ಭಾಗದಲ್ಲಿ ವರ್ಷಗಳಿಂದ ತುಕ್ಕು, ಕೆಸರು ಕೂತಿರುತ್ತದೆ. ಕಿಟ್ ಹಾಕಿದ ಮೇಲೆ ಬ್ರೇಕ್ ಪೈಪಿನ ಗಾಳಿ ತೆಗೆಯುವಾಗ (ಬ್ಲೀಡಿಂಗ್) ಸಹಾಯಕ್ಕೆ ಕೂತ ಹುಡುಗ ಪೆಡಲನ್ನು ನೆಲ ಮುಟ್ಟುವ ತನಕ ತುಳಿಯುತ್ತಾನೆ. ಆಗ ಹಳೇ ಕಪ್ಪು ಆ ತುಕ್ಕಿನ ಮೇಲೆ ಮೊದಲ ಸಲ ಓಡಿ ಹರಿಯುತ್ತದೆ. ಆದ್ದರಿಂದ ಬ್ಲೀಡಿಂಗ್ ಮಾಡುವಾಗ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ಪೂರ್ತಿ ಇಳಿಯದಂತೆ ತಡೆಯಿರಿ.

ಎಡಗಡೆ ಚಕ್ರ ಬಿಸಿಯಾಗುವುದಕ್ಕೆ ಹೋಸ್ ಕಾರಣವಿರಬಹುದು. ಹಳೇ ಹೋಸು ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಪದರ ಊದಿ ದಾರಿ ಕಿರಿದಾಗುತ್ತದೆ. ಕಾಲಿನ ಬಲಕ್ಕೆ ಆಯಿಲ್ ನುಗ್ಗಿ ಹೋಗುತ್ತದೆ, ಕಾಲು ಎತ್ತಿದ ಮೇಲೆ ಹಿಂದಕ್ಕೆ ಬರುವುದಿಲ್ಲ. ಜಾಕಿ ಕೊಟ್ಟು ಕೆಳಗೆ ಸ್ಟ್ಯಾಂಡ್ ಇಟ್ಟು, ಪೆಡಲ್ ಒತ್ತಿ ಬಿಟ್ಟು ಚಕ್ರ ತಿರುಗಿಸಿ. ಹಿಡಿದುಕೊಂಡಿದ್ದರೆ ಮೊದಲು ಹೋಸಿನ ಮೇಲ್ತುದಿಯಲ್ಲಿ ಕಬ್ಬಿಣದ ಪೈಪು ಸೇರುವ ನಟ್ಟನ್ನು ಸ್ವಲ್ಪ ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ದೋಷ ಮಾಸ್ಟರ್ ಕಡೆಯದು. ಬಿಡದಿದ್ದರೆ ಆ ನಟ್ಟು ಬಿಗಿ ಮಾಡಿ, ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ ಸಡಿಲಿಸಿ. ಈಗ ಬಿಟ್ಟುಕೊಂಡರೆ ದೋಷ ಹೋಸಿನದು. ಎರಡಕ್ಕೂ ಬಿಡದಿದ್ದರೆ ಕ್ಯಾಲಿಪರಿನ ಪಿಸ್ಟನ್ನೋ ಅದು ಜಾರುವ ಪಿನ್ನೋ ಜಾಮ್ ಆಗಿದೆ. ಹೋಸ್ ಬದಲಿಸುವಾಗ ಎಡ ಬಲ ಎರಡನ್ನೂ ಬದಲಿಸಿ. ಆಯಿಲ್ ಸೋರಬಾರದೆಂದು ರಬ್ಬರ್ ಹೋಸನ್ನು ಪ್ಲಯರಿನಲ್ಲಿ ಹಿಸುಕಿ ಹಿಡಿಯುವ ಅಭ್ಯಾಸ ಕೆಲವರಿಗಿದೆ. ಹಳೇ ಹೋಸಿನ ಒಳಪದರ ಸೀಳುವುದು ಹಾಗೆಯೇ.

ಬೆಟ್ಟ ಇಳಿಯುವಾಗ ಮೆತ್ತಗಾದದ್ದಕ್ಕೆ ಹಳೇ ಆಯಿಲ್ ಕೂಡ ಕಾರಣ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿಯ ತನಕ ಕುದಿಯಬಾರದು ಎಂಬುದು ಮಾನದಂಡ, ತೇವ ಹೀರಿದ ಮೇಲೆ ಅದೇ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವು 230 ಮತ್ತು 155. ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬಂದರೆ ಒಳಗೆ ಆವಿಯ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಡಬ್ಬಿಯ ಮುಚ್ಚಳದ ಮೇಲೆ ಬರೆದ ಗ್ರೇಡನ್ನೇ ಹಾಕಿ, ಹಳೆಯದನ್ನೆಲ್ಲ ಹೊರಹಾಕಲು ಒಂದು ಲೀಟರ್ ಇಟ್ಟುಕೊಳ್ಳಿ. ಸೀಲ್ ಒಡೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯದು ಬೇಡ. ಡಾಟ್ 5 ಎಂದು ಸಿಗುವುದು ಸಿಲಿಕೋನ್, ಅದನ್ನು ಇದರ ಜೊತೆ ಬೆರೆಸಕೂಡದು. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಎದ್ದುಬರುತ್ತದೆ.

ಪ್ರಶ್ನೆ: ನಮ್ಮ ಪ್ರೀಮಿಯರ್ ಪದ್ಮಿನಿಯ ಬಾಗಿಲ ಬೀಡಿಂಗು, ಮುಂದಿನ ಗಾಜಿನ ರಬ್ಬರು ಒಣಗಿ ಬಿರಿದಿವೆ. ಮಳೆ ಬಂದರೆ ಕಾಲ ಕೆಳಗೆ ನೀರು. ಮನೆಯಲ್ಲಿ ಕೊಬ್ಬರಿ ಎಣ್ಣೆಗೆ ಬರವಿಲ್ಲ, ವಾರಕ್ಕೊಮ್ಮೆ ಹಚ್ಚಿದರೆ ರಬ್ಬರು ಮತ್ತೆ ಮೆತ್ತಗಾಗುತ್ತದೆಯೇ?
(ತಿಪಟೂರಿನ ಓದುಗರು)

ಉತ್ತರ: ಆಗುವುದಿಲ್ಲ. ಹಚ್ಚಿದ ದಿನ ಕಪ್ಪಗೆ ಮಿರುಗುತ್ತದೆ, ಆಮೇಲೆ ಎಣ್ಣೆ ರಬ್ಬರಿನೊಳಗೆ ಇಳಿದು ಅದನ್ನು ಸಡಿಲ ಮಾಡುತ್ತದೆ, ಮೇಲೆ ಉಳಿದದ್ದು ಜಿಗುಟಾಗಿ ಧೂಳು ಹಿಡಿಯುತ್ತದೆ. ಆ ಧೂಳೇ ಬಾಗಿಲು ಹಾಕಿದಾಗಲೆಲ್ಲ ಉಪ್ಪುಕಾಗದದ ಕೆಲಸ ಮಾಡುತ್ತದೆ. ಸೀಮೆಎಣ್ಣೆ, ಡೀಸೆಲ್, ವ್ಯಾಸಲೀನು ಇದಕ್ಕಿಂತ ಕೆಟ್ಟವು. ಒಮ್ಮೆ ಗಟ್ಟಿಯಾಗಿ ಬಿರುಕು ಬಿಟ್ಟ ರಬ್ಬರನ್ನು ಮೊದಲಿನ ಹಾಗೆ ಮಾಡುವ ಎಣ್ಣೆ ಯಾವುದೂ ಇಲ್ಲ. ಇನ್ನೂ ಮೆತ್ತಗಿರುವ ರಬ್ಬರನ್ನು ಹಾಗೇ ಉಳಿಸಿಕೊಳ್ಳಬಹುದು: ಸೋಪಿನ ನೀರಿನಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಸಿಲಿಕೋನ್ ಗ್ರೀಸನ್ನು ಬಟ್ಟೆಗೆ ತಾಗಿಸಿಕೊಂಡು ತೆಳ್ಳಗೆ ಸವರಿ. ಮೂರು ತಿಂಗಳಿಗೊಮ್ಮೆ ಸಾಕು. ಕಾರಿಗೆ ಪೇಂಟ್ ಮಾಡಿಸುವ ಯೋಚನೆ ಇದ್ದರೆ ಮಾತ್ರ ಅದು ಮುಗಿಯುವ ತನಕ ಸಿಲಿಕೋನ್ ಹತ್ತಿರ ತರಬೇಡಿ. ಸಿಲಿಕೋನ್ ಸೋಕಿದ ತಗಡಿನ ಮೇಲೆ ಹೊಸ ಬಣ್ಣ ಕೂರದೆ ಮೀನಿನ ಕಣ್ಣಿನ ಹಾಗೆ ಗುಂಡಗೆ ಬಿಟ್ಟುಕೊಳ್ಳುತ್ತದೆ.

ಬೀಡಿಂಗ್ ಎಲ್ಲಿ ಹೋಗಿದೆ ಎಂದು ನೋಡಲು ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ, ಎಳೆಯಿರಿ. ಬಿಗಿಯಾಗಿ ಬಂದರೆ ಅಲ್ಲಿ ಸರಿ, ಸಲೀಸಾಗಿ ಬಂದರೆ ಅಲ್ಲಿ ಸಂದಿ. ಒಂದು ಬಾಗಿಲಿಗೆ ಹತ್ತು ಹನ್ನೆರಡು ಕಡೆ ನೋಡಿ. ಮೇಲೆಲ್ಲ ಬಿಗಿ, ಕೆಳಗೆಲ್ಲ ಸಡಿಲ ಎಂದಾದರೆ ದೋಷ ರಬ್ಬರಿನದಲ್ಲ, ಬಾಗಿಲ ಕೀಲು ಇಳಿದಿದೆ. ಹೊಸ ಬೀಡಿಂಗ್ ಹಾಕುವಾಗ ಎಳೆದು ಕೂರಿಸಬೇಡಿ. ಮೂಲೆಯಲ್ಲಿ ಸ್ವಲ್ಪ ಒಳಕ್ಕೆ ತಳ್ಳಿ ಕೂರಿಸಿ, ಕೊನೆಗೆ ಕತ್ತರಿಸುವಾಗ ಒಂದು ಸೆಂಟಿಮೀಟರ್ ಹೆಚ್ಚಿಗೆ ಬಿಡಿ. ಎಳೆದು ಕೂರಿಸಿದ್ದು ಕೆಲವು ತಿಂಗಳಲ್ಲಿ ಕುಗ್ಗಿ ಜೋಡಣೆಯಲ್ಲಿ ಬಾಯಿ ಬಿಡುತ್ತದೆ.

ಮುಂದಿನ ಗಾಜಿಗೆ ಹಗ್ಗದ ವಿಧಾನ. ಹಳೇ ರಬ್ಬರನ್ನು ಬ್ಲೇಡಿನಲ್ಲಿ ಕೊಯ್ದು ಗಾಜು ಹೊರತೆಗೆದ ಮೇಲೆ ತಗಡಿನ ಅಂಚನ್ನು ನೋಡಿ. ಕಾಲ ಕೆಳಗಿನ ನೀರಿಗೆ ಎಷ್ಟೋ ಸಲ ಈ ಅಂಚಿನ ತುಕ್ಕೇ ಕಾರಣವಾಗಿರುತ್ತದೆ. ತುಕ್ಕು ತೆಗೆದು ಪ್ರೈಮರ್, ಬಣ್ಣ ಹೊಡೆದು ಒಣಗಿಸಿ. ಹೊಸ ರಬ್ಬರನ್ನು ಒಂದು ಗಂಟೆ ಬಿಸಿಲಿಗೆ ಇಟ್ಟರೆ ಬಾಗುತ್ತದೆ, ಆಗ ಗಾಜಿನ ಸುತ್ತ ಹಾಕಿ. ರಬ್ಬರಿನಲ್ಲಿ ತಗಡು ಕೂರುವ ತೋಡಿನೊಳಗೆ ನಾಲ್ಕೈದು ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗವನ್ನು ಸುತ್ತಲೂ ಕೂರಿಸಿ, ಎರಡು ತುದಿಯೂ ಕೆಳಗೆ ನಡುಭಾಗದಲ್ಲಿ ಒಂದು ಗೇಣು ಒಂದರ ಮೇಲೊಂದು ಬಂದು ಕಾರಿನೊಳಗೆ ನೇತಾಡಲಿ. ಅಂಚಿಗೆಲ್ಲ ಸೋಪಿನ ನೀರು ಹಚ್ಚಿ. ಹೊರಗೊಬ್ಬರು ಅಂಗೈಯಿಂದ ಗಾಜನ್ನು ಒತ್ತುತ್ತಿರಬೇಕು, ಒಳಗಿನವರು ಹಗ್ಗವನ್ನು ನಿಧಾನಕ್ಕೆ ತಮ್ಮ ಕಡೆಗೆ ಎಳೆಯಬೇಕು. ಹಗ್ಗ ಬಿಟ್ಟುಕೊಂಡು ಬಂದ ಹಾಗೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಕೂರುತ್ತದೆ. ಹೊರಗಿನ ಕೈ ಹಗ್ಗ ಎಳೆಯುತ್ತಿರುವ ಜಾಗದ ಎದುರೇ ಇರಬೇಕು. ಅವಸರ ಮಾಡಿದರೆ ಮೂಲೆಯಲ್ಲಿ ಗಾಜು ಸೀಳುತ್ತದೆ.

ಪ್ರಶ್ನೆ: ಬಜಾಜ್ ಚೇತಕ್‌ಗೆ ಪೆಟ್ರೋಲ್ ಪೈಪು ಹಾಕಿದ ಎಂಟೇ ತಿಂಗಳಿಗೆ ಬಿರಿಯುತ್ತಿದೆ. ಮುಂಚೆ ಹೀಗಿರಲಿಲ್ಲ. ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಕಾರಣವೇ?
(ಮುಳಬಾಗಿಲಿನ ಓದುಗರು)

ಉತ್ತರ: ಬಹುಪಾಲು ಹೌದು. ಎಥನಾಲ್ ಹಳೇ ನೈಟ್ರೈಲ್ ರಬ್ಬರನ್ನು ಊದಿಸುತ್ತದೆ, ಅದನ್ನು ಮೆತ್ತಗಿಡಲು ಬೆರೆಸಿದ ಪದಾರ್ಥವನ್ನೂ ಹೊರಗೆಳೆಯುತ್ತದೆ. ಗಾಡಿ ನಿಂತು ಪೈಪು ಒಣಗಿದಾಗ ಅದು ಕುಗ್ಗಿ ಗಟ್ಟಿಯಾಗಿ ಬಿರಿಯುತ್ತದೆ. ದೇಶದಲ್ಲಿ 2022ರ ಹೊತ್ತಿಗೆ ಶೇ. 10 ಇದ್ದ ಎಥನಾಲ್ 2025ಕ್ಕೆ ಶೇ. 20ಕ್ಕೆ ಏರಿತು. ಇ20 ಪೆಟ್ರೋಲ್ ತಡೆಯುವ ರಬ್ಬರು, ಪ್ಲಾಸ್ಟಿಕ್ಕು ಹಾಕಿದ ಗಾಡಿಗಳು ಬಂದದ್ದು 2023ರ ಏಪ್ರಿಲಿನಿಂದ ಈಚೆಗೆ. ಅದಕ್ಕೂ ಹಿಂದಿನ ಗಾಡಿ ಇಟ್ಟುಕೊಂಡವರು ಪೈಪನ್ನು ಬದಲಿಸಿಕೊಳ್ಳಲೇಬೇಕು.

ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಅಳೆದು ಕೊಡುವ ಪಾರದರ್ಶಕ ಪ್ಲಾಸ್ಟಿಕ್ ಪೈಪು ಬೇಡ. ಪೆಟ್ರೋಲ್ ಹರಿಯುವುದು ಕಾಣುತ್ತದೆ ಎಂಬ ಒಂದೇ ಅನುಕೂಲ, ಕೆಲವು ತಿಂಗಳಿಗೆ ಹಳದಿಯಾಗಿ ಕಡ್ಡಿಯ ಹಾಗೆ ಸೆಟೆದು ನಿಪ್ಪಲ್ಲಿನಿಂದ ಜಾರುತ್ತದೆ. ಪೈಪಿನ ಮೈಮೇಲೆ ‘ಎಸ್‌ಎಇ ಜೆ30 ಆರ್9’ ಎಂದು ಅಚ್ಚು ಇರುವುದನ್ನು ಕೇಳಿ. ಇದರ ಒಳಪದರ ವಿಟಾನ್ ಜಾತಿಯ ರಬ್ಬರು, ಎಥನಾಲನ್ನು ತಡೆಯುತ್ತದೆ. ಆರ್6, ಆರ್7 ಎಂದಿರುವುದು ಹಳೇ ದರ್ಜೆ. ತುಮಕೂರು, ಕೋಲಾರದಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿ. ಬೆಲೆ ಹೆಚ್ಚು, ಆದರೆ ಸ್ಕೂಟರಿಗೆ ಬೇಕಾಗುವುದು ಮೊಳದಷ್ಟೂ ಇಲ್ಲ. ಹಳೇ ಪೈಪಿನ ಒಳ ಅಳತೆ ನೋಡಿಕೊಂಡೇ ಕೊಳ್ಳಿ. ಒಂದು ಮಿಲಿಮೀಟರ್ ಸಡಿಲವಿದ್ದರೆ ಕ್ಲಿಪ್ ಎಷ್ಟು ಬಿಗಿದರೂ ಒಂದು ಕಡೆ ಮಡಿಕೆ ಬಿದ್ದು ಸೋರುತ್ತದೆ. ಬೈಂಡಿಂಗ್ ತಂತಿ ಸುತ್ತಬೇಡಿ, ಅದು ಪೈಪನ್ನು ಕೊಯ್ಯುತ್ತದೆ.

ಬಿರಿದ ತುದಿಯನ್ನಷ್ಟೇ ಒಂದು ಇಂಚು ಕತ್ತರಿಸಿ ಮತ್ತೆ ಚುಚ್ಚುವ ರೂಢಿಯಿದೆ. ತುದಿ ಎಳೆತದಲ್ಲಿರುವುದರಿಂದ ಅಲ್ಲಿ ಬಿರುಕು ಮೊದಲು ಕಾಣುತ್ತದೆ ಅಷ್ಟೆ, ಉಳಿದ ಪೈಪಿನ ವಯಸ್ಸೂ ಅದೇ. ಪೈಪಿನ ಜೊತೆ ಪೆಟ್ರೋಲ್ ಕಾಕಿನ ಒಳಗಿನ ರಬ್ಬರನ್ನೂ ಕಾರ್ಬೊರೇಟರಿನ ರಬ್ಬರ್ ರಿಂಗ್ ಇದ್ದರೆ ಅದನ್ನೂ ಬದಲಿಸಿ. ಎರಡು ವಾರಕ್ಕಿಂತ ಹೆಚ್ಚು ಗಾಡಿ ನಿಲ್ಲಿಸುವಾಗ ಕಾಕ್ ಮುಚ್ಚಿ ಇಂಜಿನ್ ತಾನೇ ಆರುವ ತನಕ ಬಿಟ್ಟು ಕಾರ್ಬೊರೇಟರ್ ಖಾಲಿ ಮಾಡಿ. ಬೆಳಿಗ್ಗೆ ಗಾಡಿಯ ಹತ್ತಿರ ಪೆಟ್ರೋಲ್ ವಾಸನೆ ಬಂದರೆ ಕಿಕ್ ಹೊಡೆಯುವ ಮೊದಲು ಪೈಪು ನೋಡಿ.

ಪ್ರಶ್ನೆ: 2004ರ ಓಮ್ನಿಯ ಮುಂದಿನ ಲೋಯರ್ ಆರ್ಮ್ ಬುಷ್ ಆರಾರು ತಿಂಗಳಿಗೆ ಹರಿಯುತ್ತಿದೆ. ಒರಿಜಿನಲ್ಲೇ ಹಾಕಿಸುತ್ತಿದ್ದೇನೆ. ಕ್ವಾರಿ ಲಾರಿಗಳು ಓಡಾಡುವ ಗುಂಡಿ ರಸ್ತೆಯೇ ಕಾರಣವೆಂದು ಮೆಕ್ಯಾನಿಕ್ ಹೇಳುತ್ತಾರೆ.
(ಗೌರಿಬಿದನೂರಿನ ಓದುಗರು)

ಉತ್ತರ: ರಸ್ತೆಯ ಪಾಲು ಸ್ವಲ್ಪ ಇರಬಹುದು. ಆರು ತಿಂಗಳಿಗೇ ಹರಿಯುತ್ತದೆ ಎಂದರೆ ಬೋಲ್ಟ್ ಬಿಗಿ ಮಾಡುವ ಕ್ರಮ ತಪ್ಪಿರುವ ಸಂಭವವೇ ಹೆಚ್ಚು. ಈ ಬುಷ್ಷಿನಲ್ಲಿ ಒಂದು ಉಕ್ಕಿನ ಕೊಳವೆಯೊಳಗೆ ಇನ್ನೊಂದಿದ್ದು ನಡುವೆ ರಬ್ಬರು ಎರಡಕ್ಕೂ ಅಂಟಿರುತ್ತದೆ. ಬೋಲ್ಟ್ ಬಿಗಿದ ಮೇಲೆ ಒಳಕೊಳವೆ ಚಾಸಿಗೆ ಕಚ್ಚಿಕೊಳ್ಳುತ್ತದೆ. ಚಕ್ರವನ್ನು ಚಾಸಿಗೆ ಸೇರಿಸುವ ಆರ್ಮು ಮೇಲೆ ಕೆಳಗೆ ಆಡುವಾಗ ಅಲ್ಲಿ ಏನೂ ಜಾರುವುದಿಲ್ಲ, ರಬ್ಬರು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಗಾಡಿ ಜಾಕಿಯ ಮೇಲಿದ್ದು ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ ರಬ್ಬರಿಗೆ ಆ ನೇತಾಡುವ ಸ್ಥಿತಿಯೇ ನೆಟ್ಟಗಿನ ಸ್ಥಿತಿ. ಗಾಡಿ ಇಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ನಿಂತಾಗಲೂ. ಗುಂಡಿ ಬಂದಾಗ ಇನ್ನಷ್ಟು ತಿರುಚಿ ಅಂಟು ಬಿಡುತ್ತದೆ.

ಬೋಲ್ಟುಗಳನ್ನು ಕೈಬಿಗಿಯಷ್ಟೇ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕಾರು ಸಲ ಮುಂಭಾಗ ಒತ್ತಿ ಅಲ್ಲಾಡಿಸಿ, ಹತ್ತಡಿ ಹಿಂದೆ ಮುಂದೆ ತಳ್ಳಿ. ಗಾಡಿ ತನ್ನ ಎತ್ತರಕ್ಕೆ ನಿಂತ ಮೇಲೆ ಭಾರ ಚಕ್ರದ ಮೇಲಿರುವಾಗಲೇ ಕೆಳಗಿಂದ ಪೂರ್ತಿ ಬಿಗಿ ಮಾಡಿಸಿ. ಕೈ ಆಡಲು ಜಾಗವಿಲ್ಲದಿದ್ದರೆ ಗುಂಡಿ ಇರುವ ಗ್ಯಾರೇಜಿಗೆ ಹೋಗಿ. ಬುಷ್ ಒತ್ತಿ ಕೂರಿಸುವಾಗ ಸೋಪಿನ ನೀರು ಸಾಕು, ಗ್ರೀಸ್ ಬೇಡ. ಕಿರ್‌ಗುಟ್ಟುವ ಸದ್ದಿಗೆ ಸರ್ವಿಸ್ ಸ್ಟೇಷನ್ನಿನಲ್ಲಿ ಡೀಸೆಲ್ ಸ್ಪ್ರೇ ಹೊಡೆಸುವುದನ್ನು ಇವತ್ತೇ ನಿಲ್ಲಿಸಿ. ಸದ್ದು ಎರಡು ದಿನ ನಿಲ್ಲುತ್ತದೆ, ಬುಷ್ಷಿನ ಆಯುಸ್ಸು ಅದರ ಜೊತೆಗೇ ಹೋಗುತ್ತದೆ. ಇಂಜಿನ್ ಮೌಂಟಿಂಗಿಗೂ ಇದೇ ಮಾತು: ಮೇಲಿನಿಂದ ಇಂಜಿನ್ ಆಯಿಲ್ ಸೋರಿ ಮೌಂಟಿಂಗ್ ಮೇಲೆ ಬೀಳುತ್ತಿದ್ದರೆ ಮೊದಲು ಆ ಸೋರಿಕೆ ನಿಲ್ಲಿಸಿ, ಆಮೇಲೆ ಹೊಸ ಮೌಂಟಿಂಗ್ ಕೊಳ್ಳಿ.

ಪ್ರಶ್ನೆ: ರೇಡಿಯೇಟರ್ ಹೋಸ್ ಹೊರಗೆ ಹೊಸದರ ಹಾಗಿತ್ತು, ದಾರಿಯಲ್ಲಿ ಒಡೆಯಿತು. ಮುಂಚಿತವಾಗಿ ತಿಳಿಯುವುದು ಹೇಗೆ? ನಾವು ಬೋರ್‌ವೆಲ್ ನೀರು ಹಾಕುತ್ತೇವೆ.
(ಚಿಂತಾಮಣಿಯ ಓದುಗರು)

ಉತ್ತರ: ಈ ಹೋಸು ಹೆಚ್ಚಾಗಿ ಒಳಗಿನಿಂದ ಸಾಯುತ್ತದೆ. ಇಂಜಿನ್ನಿನ ಲೋಹ, ರೇಡಿಯೇಟರಿನ ಲೋಹ, ನಡುವೆ ನೀರು ಸೇರಿ ಸಣ್ಣ ಬ್ಯಾಟರಿಯಾಗುತ್ತದೆ. ಆ ವಿದ್ಯುತ್ತು ಹೋಸಿನ ಒಳಮೈಯಲ್ಲಿ, ವಿಶೇಷವಾಗಿ ಕ್ಲಿಪ್ಪಿನ ಹತ್ತಿರ, ಉದ್ದುದ್ದ ಸೀಳು ಮಾಡುತ್ತದೆ. ನೀರು ಆ ಸೀಳಿನಲ್ಲಿ ಇಳಿದು ಒಳಗಿನ ದಾರವನ್ನು ಕೊಳೆಸುತ್ತದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೋಸನ್ನು ಎರಡು ಕಡೆ ಬೆರಳಲ್ಲಿ ಹಿಚುಕಿ: ಒಂದು ಸಲ ನಡುಭಾಗದಲ್ಲಿ, ಇನ್ನೊಂದು ಸಲ ಕ್ಲಿಪ್ಪಿನಿಂದ ಎರಡು ಬೆರಳು ಈಚೆ. ತುದಿ ನಡುಭಾಗಕ್ಕಿಂತ ಮೆತ್ತಗಿದ್ದರೆ, ಒಳಗೆ ಗೆರೆ ಗೆರೆಯಾಗಿ ತಾಗಿದರೆ, ಅಥವಾ ಹಿಚುಕುವಾಗ ಚರಚರ ಎಂದರೆ ಬದಲಿಸಿ. ಹಾಗೇನೂ ಇಲ್ಲದಿದ್ದರೂ ನಾಲ್ಕೈದು ವರ್ಷಕ್ಕೆ ಬದಲಿಸಿಬಿಡಿ.

ನಿಮ್ಮ ಕಡೆಯ ಆಳದ ಬೋರಿನ ನೀರು ಗಡಸು. ರೇಡಿಯೇಟರಿನಲ್ಲಿ ಸುಣ್ಣ ಕಟ್ಟಿ ಶಾಖ ಏರುತ್ತದೆ, ನೀರಿನಲ್ಲಿ ಕರಗಿದ ಲವಣ ಮೇಲೆ ಹೇಳಿದ ವಿದ್ಯುತ್ತಿಗೂ ದಾರಿ ಕೊಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಕೂಲಂಟ್ ಬೆರೆಸಿ ಹಾಕಿ, ಪ್ರಮಾಣ ಡಬ್ಬಿಯ ಮೇಲೆ ಇರುತ್ತದೆ. ‘ರೆಡಿ ಮಿಕ್ಸ್’ ಎಂದಿದ್ದರೆ ಮತ್ತೆ ನೀರು ಸೇರಿಸಬೇಡಿ.

ಹಳೇ ಹೋಸನ್ನು ತಿರುಚಿ ಎಳೆಯಬೇಡಿ, ಹಿತ್ತಾಳೆ ರೇಡಿಯೇಟರಿನ ಮೂತಿ ಬೆಸುಗೆ ಬಿಡುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆ ಸುಲಿದ ಹಾಗೆ ತೆಗೆಯಿರಿ. ಕೆಳಗಿನ ಹೋಸಿನೊಳಗೆ ತಂತಿ ಸುರುಳಿ ಇದ್ದರೆ ಹೊಸದರಲ್ಲೂ ಹಾಕಿ. ವಾಟರ್ ಪಂಪು ಎಳೆಯುವ ಬಲಕ್ಕೆ ಸುರುಳಿ ಇಲ್ಲದ ಹೋಸು ಚಪ್ಪಟೆಯಾಗುತ್ತದೆ. ನಿಂತಲ್ಲಿ ಸರಿಯಿದ್ದು ವೇಗದಲ್ಲಿ ಮಾತ್ರ ಬಿಸಿಯಾಗುವ ಗಾಡಿಯಲ್ಲಿ ಇದನ್ನು ಮೊದಲು ನೋಡಿ.

ಪ್ರಶ್ನೆ: ಜೀಪಿನ ಟೈರಿಗೆ ಒಂಬತ್ತು ವರ್ಷ. ಓಡಿಸಿದ್ದು ಕಡಿಮೆ, ಗ್ರಿಪ್ ಹೊಸದರ ಹಾಗಿದೆ, ಪಕ್ಕದಲ್ಲಿ ಸಣ್ಣ ಬಿರುಕು. ಇನ್ನೂ ಎಷ್ಟು ದಿನ ಓಡಿಸಬಹುದು?
(ಪಾವಗಡದ ಓದುಗರು)

ಉತ್ತರ: ಇನ್ನು ಓಡಿಸಬೇಡಿ. ಟೈರಿನ ಪಕ್ಕದಲ್ಲಿ ‘ಡಾಟ್’ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ವಯಸ್ಸನ್ನು ಲೆಕ್ಕ ಹಾಕುವುದು ಅಲ್ಲಿಂದ, ನೀವು ಕೊಂಡ ದಿನದಿಂದಲ್ಲ. ಐದಾರು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ಪರೀಕ್ಷಿಸಬೇಕು, ಹತ್ತು ವರ್ಷಕ್ಕೆ ಗ್ರಿಪ್ ಹೇಗೇ ಇದ್ದರೂ ತೆಗೆಯಬೇಕು. ನಿಮ್ಮದರಲ್ಲಿ ಬಿರುಕೂ ಬಂದಿದೆ. ಸ್ಟೆಪ್ನಿಗೂ ಇದೇ ಲೆಕ್ಕ.

ಕಡಿಮೆ ಓಡಿದ್ದರಿಂದಲೇ ಬಿರುಕು ಬೇಗ ಬಂದಿರಬಹುದು. ಟೈರಿನ ರಬ್ಬರಿನಲ್ಲಿ ಓಜೋನ್ ತಡೆಯುವ ಮೇಣ ಬೆರೆಸಿರುತ್ತಾರೆ. ಟೈರು ಉರುಳಿ ಬಾಗಿದಾಗ ಅದು ಮೇಲಕ್ಕೆ ಬಂದು ತೆಳುವಾದ ಪದರ ಕಟ್ಟುತ್ತದೆ. ಪಕ್ಕದಲ್ಲಿ ಕಾಣುವ ಕಂದು ಬಣ್ಣವೂ ಇಂಥ ರಕ್ಷಕ ಪದಾರ್ಥದ್ದೇ. ಅದನ್ನು ಕೊಳೆ ಎಂದು ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದು ಪಾಲಿಶ್ ಹೊಡೆಯುವವರು ರಕ್ಷಣೆಯನ್ನೇ ಒರೆಸಿ ಹಾಕುತ್ತಾರೆ. ಸೋಲಾರ್ ಪಾರ್ಕಿಗೆ ಆರಿಸಿಕೊಂಡಂಥ ಬಿಸಿಲು ನಿಮ್ಮೂರಿನದು. ಹೊಸ ಟೈರು ಹಾಕಿದ ಮೇಲೆ ನಿಂತ ಗಾಡಿಯ ಚಕ್ರಗಳಿಗೆ ಗೋಣಿಚೀಲ ಹೊದಿಸಿ, ವಾರಕ್ಕೊಮ್ಮೆ ನಾಲ್ಕೈದು ಕಿಲೋಮೀಟರ್ ಓಡಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಭಾರ ಇಳಿಸಿ.

ಪ್ರಶ್ನೆ: ಸ್ಪ್ಲೆಂಡರ್ ಮುಂದಿನ ಫೋರ್ಕ್ ಆಯಿಲ್ ಸೀಲು ವರ್ಷಕ್ಕೆ ಎರಡು ಸಲ ಹೋಗುತ್ತದೆ. ಸೀಲಿನ ಮೇಲಿನ ನಂಬರ್ ಅರ್ಥವೇನು?
(ಶಿರಾದ ಓದುಗರು)

ಉತ್ತರ: 35x48x11 ಎಂದು ಒಂದು ಸೀಲಿನ ಮೇಲಿದ್ದರೆ ಒಳ ಅಳತೆ 35, ಹೊರ ಅಳತೆ 48, ದಪ್ಪ 11 ಮಿಲಿಮೀಟರ್. ಟಿಸಿ ಎಂದಿದ್ದರೆ ಎರಡು ತುಟಿ: ಒಂದು ಆಯಿಲ್ ತಡೆಯಲು, ಇನ್ನೊಂದು ಧೂಳು ತಡೆಯಲು. ಅದು ತಿರುಗುವ ಶಾಫ್ಟಿನ ಸೀಲು. ಅಳತೆ ಹೊಂದಿದರೂ ಫೋರ್ಕಿಗೆ ಬೇಡ, ಫೋರ್ಕಿನದೇ ಕೇಳಿ.

ಪದೇ ಪದೇ ಹೋಗಲು ಕಾರಣ ಸೀಲಿಗಿಂತ ಹೆಚ್ಚಾಗಿ ಪೈಪು. ಫೋರ್ಕಿನ ಕ್ರೋಮ್ ಪೈಪಿನಲ್ಲಿ, ಸೀಲು ಓಡಾಡುವ ಜಾಗದಲ್ಲಿ, ಹಳೇ ಹತ್ತಿ ಬಟ್ಟೆ ಸುತ್ತಿ ಮೇಲಿಂದ ಕೆಳಗೆ ಎಳೆಯಿರಿ. ನೂಲು ಸಿಕ್ಕಿಕೊಂಡ ಕಡೆ ತುಕ್ಕಿನ ಮೊನೆ ಇದೆ. ಚಿಕ್ಕದಾದರೆ 1500 ನಂಬರಿನ, ಆಮೇಲೆ 2000 ನಂಬರಿನ ನೀರಿನ ಉಪ್ಪುಕಾಗದದಲ್ಲಿ ಆಯಿಲ್ ಹಚ್ಚಿ ಸುತ್ತಲೂ ಉಜ್ಜಿ ಮೊನೆ ಕಳೆಯಿರಿ. ಕ್ರೋಮ್ ಪದರ ಎದ್ದಿದ್ದರೆ ಪೈಪು ಬದಲಿಸಿ. ಹೊಸ ಸೀಲು ಹಾಕುವಾಗ ಪೈಪಿನ ತುದಿಗೆ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಸುತ್ತಿ, ತುಟಿಗೆ ಫೋರ್ಕ್ ಆಯಿಲನ್ನೇ ಸವರಿ ಇಳಿಸಿ. ಸಣ್ಣ ಸ್ಪ್ರಿಂಗ್ ಕಾಣುವ ಮುಖ ಆಯಿಲ್ ಇರುವ ಕಡೆಗೆ, ಅಂದರೆ ಕೆಳಕ್ಕೆ. ಮೇಲಿನ ಧೂಳಿನ ಟೋಪಿ ಸೆಟೆದಿದ್ದರೆ ಅದನ್ನೂ ಬದಲಿಸಿ. ಎರಡು ಕಾಲಿಗೂ ಆಯಿಲ್ ಒಂದೇ ಅಳತೆಯಲ್ಲಿರಲಿ.

ಪ್ರಶ್ನೆ: ಹಳೇ ಅಂಬಾಸಿಡರ್‌ಗೆ ಬ್ರೇಕ್ ಕಿಟ್, ಬುಷ್, ಹೋಸು ಈಗ ಸಿಕ್ಕಾಗಲೇ ಕೊಂಡು ಇಡುತ್ತಿದ್ದೇನೆ. ಎಷ್ಟು ವರ್ಷ ಇಡಬಹುದು?
(ಕೆಜಿಎಫ್ ಓದುಗರು)

ಉತ್ತರ: ರಬ್ಬರ್ ದಾಸ್ತಾನಿನ ಅಂತರರಾಷ್ಟ್ರೀಯ ಮಾನದಂಡದಲ್ಲಿ ಸ್ವಾಭಾವಿಕ ರಬ್ಬರು ಮತ್ತು ಎಸ್‌ಬಿಆರ್ ಎಂಬ ಕೃತಕ ರಬ್ಬರಿಗೆ 5 ವರ್ಷ, ನೈಟ್ರೈಲ್‌ಗೆ 7 ವರ್ಷ, ಇಪಿಡಿಎಂ ಮತ್ತು ವಿಟಾನ್‌ಗೆ 10 ವರ್ಷ ಎಂದಿದೆ. ಅದು ತಂಪು, ಕತ್ತಲು, ಮುಚ್ಚಿದ ಚೀಲದಲ್ಲಿಟ್ಟರೆ ಮಾತ್ರ. ಶೀಟಿನ ಮನೆಯ ಅಟ್ಟದಲ್ಲಿ ಬೇಸಿಗೆಯ ಶಾಖಕ್ಕೆ ಅದರ ಅರ್ಧವೂ ಬರುವುದಿಲ್ಲ. ಆದ್ದರಿಂದ ಬ್ರೇಕ್ ಕಿಟ್ಟನ್ನು ಹೆಚ್ಚು ಕೂಡಿಡಬೇಡಿ. ಕೊಳ್ಳುವಾಗಲೇ ತಯಾರಾದ ತಿಂಗಳು ಅಚ್ಚಾಗಿರುವ ಪೊಟ್ಟಣ ಕೇಳಿ, ಅಂಗಡಿಯ ಗಾಜಿನಲ್ಲಿ ಬಿಸಿಲಿಗೆ ನೇತುಹಾಕಿದ್ದನ್ನು ಬಿಡಿ. ಮನೆಯಲ್ಲಿ ಹೋಸು, ರಿಂಗುಗಳನ್ನು ಮೊಳೆಗೆ ತೂಗುಹಾಕದೆ ಮಟ್ಟಸವಾಗಿ ಇಡಿ, ತೂಗಿದ ಜಾಗ ಎಳೆದುಕೊಂಡು ಮೊದಲು ಬಿರಿಯುವುದು ಅಲ್ಲೇ. ವೆಲ್ಡಿಂಗ್ ಮಾಡುವ, ಮೋಟರ್ ಓಡುವ ಕೋಣೆಯಲ್ಲಿ ಓಜೋನ್ ಹುಟ್ಟುತ್ತದೆ, ಅಲ್ಲಿಡಬೇಡಿ. ಪ್ರತಿ ಪೊಟ್ಟಣದ ಮೇಲೂ ಕೊಂಡ ತಿಂಗಳು, ವರ್ಷ ಬರೆಯಿರಿ. ಹಾಕುವ ಮೊದಲು ಕಪ್ಪಿನ ತುಟಿಯನ್ನು ಬೆರಳಲ್ಲಿ ಮಡಚಿ ಬೆಳಕಿಗೆ ಹಿಡಿಯಿರಿ. ಮಡಿಕೆಯ ನೆತ್ತಿಯಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಅದನ್ನು ಕಸದ ಬುಟ್ಟಿಗೆ ಹಾಕಿ.